ಬುಡಾಪೆಸ್ಟಿನ ವಠಾರದಲ್ಲಿ ನಾಲ್ಕು ರಾತ್ರಿ

ಯುರೋಪ್ ಟ್ರಿಪ್ಪಿನ ಎಕ್ಸೆಲ್ ಶೀಟಿಗೆ ಬುಡಾಪೆಸ್ಟ್ ಸೇರಿಕೊಳ್ಳುವುದು ಸಾಮಾನ್ಯವಾಗಿ ಕೊನೆಯಲ್ಲಿ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್ಲೆಂಡ್ ಎಲ್ಲ ತುಂಬಿಸಿ ಕೆಳಗೆ ಟೋಟಲ್ ನೋಡಿದಾಗ ಎದೆ ಧಸಕ್ ಅನ್ನುತ್ತದಲ್ಲ, ಆಗ ಯಾರಾದರೂ ಒಬ್ಬರು, "ಪ್ಯಾರಿಸ್ ಎರಡು ದಿನ ಕಮ್ಮಿ ಮಾಡಿ ಬುಡಾಪೆಸ್ಟ್ ಹಾಕ್ರಪ್ಪಾ, ಅಲ್ಲಿ ಎಲ್ಲ ಅಗ್ಗ" ಅಂತಾರೆ. ಅಗ್ಗದ ಹಾಸಿಗೆ, ಅಗ್ಗದ ಬಿಯರ್, ಬೆಳಗಿನ ಜಾವದವರೆಗೂ ಬಾಗಿಲು ಹಾಕದ ಬಾರುಗಳು. ಇಪ್ಪತ್ತೈದು ಮೂವತ್ತರ ನಡುವೆ ಇರುವವರಿಗೆ ಇನ್ನೇನು ಬೇಕು? ನಾನೂ ಹಾಗೇ ಹೋದವಳು. ನಾಲ್ಕು ರಾತ್ರಿ ಇದ್ದೆ, ಖುಷಿಯಾಗಿದ್ದೆ, ಅವಕಾಶ ಸಿಕ್ಕರೆ ಮತ್ತೆ ಹೋಗುತ್ತೇನೆ. ಆದರೆ ಈ 'ಅಗ್ಗ' ಅನ್ನೋದು ಎಲ್ಲಿಂದ ಬಂತು, ಅದರ ಬಿಲ್ ಕಟ್ಟುತ್ತಿರುವವರು ಯಾರು ಅನ್ನೋದನ್ನ ಮಾತ್ರ ನಾನು ನೋಡಿದ ಯಾವ ವ್ಲಾಗೂ ಹೇಳಿರಲಿಲ್ಲ.

ಜೊತೆಗಿದ್ದವಳು ಕಾಲೇಜಿನ ಗೆಳತಿ. ಮ್ಯೂನಿಕ್‌ನಲ್ಲಿ ಕೆಲಸ, ಅಲ್ಲಿಂದ ರೈಲು ಹತ್ತಿ ಬಂದಿದ್ದಳು. ಹೋಟೆಲ್ ನೋಡೋಣ್ವಾ ಅಂತ ನಾನು ಕೇಳಿದ್ದಕ್ಕೆ ಅವಳದು ಒಂದೇ ಮಾತು: "ಲೇ, ಹೋಟೆಲ್ ಯಾಕೆ ಕಣೇ? ನಾವು ಮಲಗೋದೇ ಮೂರು ಗಂಟೆಗೆ. ನಾಲ್ಕು ಗಂಟೆ ನಿದ್ದೆಗೆ ಒಂದು ರೂಮಿನ ಬಾಡಿಗೆ ಕಟ್ಟೋದು ದಂಡ." ಲೆಕ್ಕ ಸರಿಯಾಗಿಯೇ ಇತ್ತು. ಏಳನೇ ಜಿಲ್ಲೆಯ ಒಂದು ಹಾಸ್ಟೆಲ್ಲಿನಲ್ಲಿ, ಹೆಂಗಸರ ಡಾರ್ಮಿನಲ್ಲಿ ಎರಡು ಮಂಚ ಬುಕ್ ಮಾಡಿದೆವು. ಒಂದು ಕೋಣೆಗೆ ಎಂಟು ಜನ. ಬಿಟಿಎಂ ಲೇಔಟಿನ ಫೋರ್ ಶೇರಿಂಗ್ ಪಿಜಿಯಲ್ಲಿ ಮೂರು ವರ್ಷ ಕಳೆದವಳಿಗೆ ಇದೇನೂ ಹೊಸದಲ್ಲ. ಅದಕ್ಕಿಂತ ಚೆನ್ನಾಗೇ ಇತ್ತು ಅನ್ನಿ. ಪ್ರತಿ ಮಂಚಕ್ಕೂ ಪರದೆ, ತಲೆ ಹತ್ತಿರ ಒಂದು ಸಣ್ಣ ಲೈಟು, ಚಾರ್ಜಿಂಗ್ ಪಾಯಿಂಟು, ಮಂಚದ ಕೆಳಗೆ ಲಾಕರ್. ಬೀಗ ಮಾತ್ರ ನಮ್ಮದೇ ತಗೊಂಡು ಹೋಗಬೇಕು.

ಹಾಸ್ಟೆಲ್ ಅನ್ನೋದು ಹುಟ್ಟಿದ್ದು ಕುಡಿದು ಕುಣಿಯೋದಕ್ಕಲ್ಲ ಅನ್ನೋದನ್ನ ಆಮೇಲೆ ಓದಿ ನಗು ಬಂತು. ಜರ್ಮನಿಯ ರಿಚರ್ಡ್ ಶಿರ್ಮನ್ ಅನ್ನೋ ಮೇಷ್ಟ್ರು 1909ರಲ್ಲಿ ಮಕ್ಕಳನ್ನು ಕರಕೊಂಡು ಕಾಲ್ನಡಿಗೆ ಪ್ರವಾಸ ಹೊರಟಿದ್ದಾಗ ಬಿರುಗಾಳಿ ಮಳೆಗೆ ಸಿಕ್ಕಿ, ಒಂದು ಹಳ್ಳಿಯ ಶಾಲೆಯಲ್ಲಿ ರಾತ್ರಿ ಕಳೆದರಂತೆ. ಹುಡುಗರಿಗೆ ಊರೂರಲ್ಲೂ ಹೀಗೆ ಅಗ್ಗದ ತಂಗುದಾಣ ಇದ್ದರೆ ಹೇಗೆ ಅಂತ ಅವರಿಗೆ ಹೊಳೆದದ್ದು ಆವತ್ತೇ. 1912ರಲ್ಲಿ ಆಲ್ಟೆನಾ ಊರಿನ ಕೋಟೆಯಲ್ಲಿ ಕಾಯಂ ಯೂತ್ ಹಾಸ್ಟೆಲ್ ಶುರುವಾಯಿತು. ಬೇಗ ಮಲಗು, ಬೇಗ ಏಳು, ನಿನ್ನ ಹಾಸಿಗೆ ನೀನೇ ಸರಿ ಮಾಡು, ಮದ್ಯ ಮುಟ್ಟಬೇಡ ಅನ್ನುವಂಥ ಜಾಗ ಅದು. ಈಗ 'ಪಾರ್ಟಿ ಹಾಸ್ಟೆಲ್' ಅಂತ ಬೋರ್ಡು ಹಾಕಿಕೊಂಡು ರಾತ್ರಿ ಒಂಬತ್ತಕ್ಕೆ ಸೀಟಿ ಊದಿ ಎಲ್ಲರನ್ನೂ ಬಾರಿಗೆ ಮೆರವಣಿಗೆ ಹೊರಡಿಸುತ್ತಾರೆ. ಮೇಷ್ಟ್ರು ನೋಡಿದ್ದರೆ ಬೆತ್ತ ತಗೋತಿದ್ದರೋ ಏನೋ!

ನಮ್ಮ ಹಾಸ್ಟೆಲ್ ಇದ್ದದ್ದು ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ರಸ್ತೆಯಿಂದ ನೋಡಿದರೆ ಗಂಭೀರವಾದ ನಾಲ್ಕು ಮಹಡಿಯ ಕಟ್ಟಡ, ದೊಡ್ಡ ಮರದ ಬಾಗಿಲು. ಬಾಗಿಲು ದಾಟಿ ಕತ್ತಲೆ ಓಣಿಯಲ್ಲಿ ಹತ್ತು ಹೆಜ್ಜೆ ಹಾಕಿದರೆ ಇದ್ದಕ್ಕಿದ್ದಂತೆ ಆಕಾಶ ಕಾಣುತ್ತೆ. ನಡುವೆ ಅಂಗಳ. ಅಂಗಳದ ಸುತ್ತ ಪ್ರತಿ ಮಹಡಿಯಲ್ಲೂ ಕಬ್ಬಿಣದ ಕಟಕಟೆ ಇರುವ ಉದ್ದ ಬಾಲ್ಕನಿ. ಅದಕ್ಕೆ ತೆರೆದುಕೊಂಡಿರುವ ಸಾಲು ಸಾಲು ಬಾಗಿಲುಗಳು, ಹೂಕುಂಡ, ಒಣಹಾಕಿದ ಬಟ್ಟೆ. ಗೆಳತಿ ಸೂಟ್‌ಕೇಸ್ ಕೆಳಗಿಟ್ಟು, "ಅಯ್ಯೋ, ಇದು ವಠಾರ ಅಲ್ವೇನೇ!" ಅಂದಳು.

ವಠಾರವೇ. ಹತ್ತೊಂಬತ್ತನೇ ಶತಮಾನದ ಕೊನೆಗೆ ಬುಡಾಪೆಸ್ಟ್ ವೇಗವಾಗಿ ಬೆಳೆಯಿತು. ಬುಡಾ, ಓಬುಡಾ ಮತ್ತು ಪೆಸ್ಟ್ ಅನ್ನೋ ಮೂರು ಊರು ಸೇರಿ 1873ರಲ್ಲಿ ಒಂದೇ ನಗರವಾದ ಮೇಲೆ ಬಂದ ಜನಕ್ಕೆಲ್ಲ ಬಾಡಿಗೆ ಮನೆ ಬೇಕಲ್ಲ, ಆಗ ಕಟ್ಟಿದವು ಇವು. ರಸ್ತೆ ಕಡೆಗೆ ಕಿಟಕಿ ಇರುವ ದೊಡ್ಡ ಮನೆಗಳು ಅನುಕೂಲಸ್ಥರಿಗೆ. ಅಂಗಳದ ಕಡೆಗಿರುವ ಒಂದು ರೂಮು, ಒಂದು ಅಡುಗೆಮನೆಯ ಗೂಡುಗಳು ಬಡವರಿಗೆ. ಎಷ್ಟೋ ಕಟ್ಟಡಗಳಲ್ಲಿ ಬಾಲ್ಕನಿಯ ತುದಿಗೊಂದು ಕಕ್ಕಸು, ಅದು ಎಲ್ಲರಿಗೂ. ಮಲ್ಲೇಶ್ವರದ, ಚಾಮರಾಜಪೇಟೆಯ ಹಳಬರನ್ನು ಕೇಳಿ, ನಕ್ಷೆ ಬರೆದುಕೊಡುತ್ತಾರೆ. ಇಂಥ ಕಟ್ಟಡದ ಗುಣವೂ ವಠಾರದ್ದೇ: ಒಬ್ಬರು ಸೀನಿದರೆ ಹತ್ತು ಮನೆಗೆ ಕೇಳುತ್ತೆ. ನಾಲ್ಕೂ ಕಡೆ ಗೋಡೆ, ನಡುವೆ ಬಾವಿಯ ಹಾಗೆ ಅಂಗಳ. ಕೆಳಗೆ ಪಿಸುಗುಟ್ಟಿದ್ದು ಮೇಲಿನ ಮಹಡಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತೆ. ನಮ್ಮ ಮೆಟ್ಟಿಲ ಬಳಿ ಯಾರೋ ಇಂಗ್ಲಿಷಿನಲ್ಲಿ ಕೈಯಲ್ಲೇ ಬರೆದು ಅಂಟಿಸಿದ್ದ ಚೀಟಿ ಇತ್ತು. 'ದಯವಿಟ್ಟು, ಇಲ್ಲಿ ಜನ ಮಲಗಿರುತ್ತಾರೆ' ಅಂತ ಅದರ ಅರ್ಥ.

ಸರಿ, ರಾತ್ರಿಯ ವಿಷಯಕ್ಕೆ ಬರೋಣ. ಅದಕ್ಕೇ ಅಲ್ವಾ ಹೋಗಿದ್ದು.

ಬುಡಾಪೆಸ್ಟಿನ ರಾತ್ರಿಗೆ ಹೆಸರು ತಂದದ್ದು 'ರೋಮ್‌ಕೋಚ್ಮಾ'. ಅಂದರೆ ಪಾಳುಮನೆಯ ಹೆಂಡದಂಗಡಿ. ಬೀಳುವ ಸ್ಥಿತಿಯಲ್ಲಿದ್ದ ಕಟ್ಟಡಗಳಲ್ಲಿ, ಅದನ್ನು ದುರಸ್ತಿ ಮಾಡುವ ಗೋಜಿಗೂ ಹೋಗದೆ, ಎಲ್ಲಿಂದಲೋ ಹೊತ್ತು ತಂದ ಹಳೆಯ ಕುರ್ಚಿ ಮೇಜು ಹಾಕಿ ಶುರು ಮಾಡಿದ ಬಾರುಗಳು. ಇವುಗಳಲ್ಲಿ ಹಿರಿಯಣ್ಣ ಸಿಂಪ್ಲಾ ಕೆರ್ತ್. 2002ರಲ್ಲಿ ಶುರುವಾಗಿ, 2004ರಲ್ಲಿ ಕಜಿಂತ್ಸಿ ಬೀದಿಯ ಈಗಿನ ಜಾಗಕ್ಕೆ ಬಂತು. ಹಿಂದೆ ಒಲೆ ತಯಾರಿಸುತ್ತಿದ್ದ ಕಾರ್ಖಾನೆಯಂತೆ ಅದು. ಒಳಗೆ ಹೋದರೆ ಗುಜರಿ ಅಂಗಡಿಯಲ್ಲಿ ಜಾತ್ರೆ ನಡೆದ ಹಾಗಿದೆ. ಸ್ನಾನದ ತೊಟ್ಟಿಯ ಒಂದು ಬದಿ ಕತ್ತರಿಸಿ ಸೋಫಾ ಮಾಡಿದ್ದಾರೆ. ಪೂರ್ವ ಜರ್ಮನಿಯ ಹಳೇ ಟ್ರಾಬಂಟ್ ಕಾರಿನ ಹೊಟ್ಟೆಯೊಳಗೆ ಕೂತು ಜನ ಬಿಯರ್ ಕುಡೀತಾರೆ. ಗೋಡೆಯಲ್ಲಿ ಒಂದಿಂಚೂ ಖಾಲಿ ಇಲ್ಲದ ಹಾಗೆ ಬರಹ. ಅದೇ ಜಾಗದಲ್ಲಿ ಭಾನುವಾರ ಬೆಳಗ್ಗೆ ರೈತರ ಸಂತೆ ನಡೆಯುತ್ತೆ. ರಾತ್ರಿ ಕುಣಿದ ನೆಲದ ಮೇಲೆ ಅಜ್ಜಿಯರು ಚೀಸು, ಜೇನು, ತರಕಾರಿ ಚೌಕಾಸಿ ಮಾಡುತ್ತಿರುತ್ತಾರೆ. ನನಗೆ ರಾತ್ರಿಗಿಂತ ಅದೇ ಹೆಚ್ಚು ಇಷ್ಟವಾಯಿತು.

ಕುಡಿಯೋದಕ್ಕೆ ನನ್ನ ಶಿಫಾರಸು 'ಫ್ರೋಚ್'. ವೈನಿಗೆ ಸೋಡಾ ಬೆರೆಸಿದ್ದು, ಅಷ್ಟೇ. ಆದರೆ ಬೆರಕೆಯ ಲೆಕ್ಕಕ್ಕೆ ಒಂದೊಂದು ಹೆಸರು. ಎರಡು ಪಾಲು ವೈನಿಗೆ ಒಂದು ಪಾಲು ಸೋಡಾ ಆದರೆ 'ದೊಡ್ಡ ಫ್ರೋಚ್'. ಒಂದಕ್ಕೆ ಎರಡು ಆದರೆ 'ಉದ್ದ ಹೆಜ್ಜೆ'. ರಾತ್ರಿ ಪೂರ್ತಿ ಓಡಾಡಬೇಕು ಅನ್ನೋರು ಉದ್ದ ಹೆಜ್ಜೆಯನ್ನೇ ಹಾಕೋದು ಒಳ್ಳೆಯದು. ಪಾಲಿಂಕಾ ಅಂತ ಹಣ್ಣಿನ ಬ್ರಾಂದಿ ಕೊಡ್ತಾರೆ, ಒಂದು ಗುಟುಕಿಗೇ ಕಿವಿ ಬಿಸಿಯಾಗುತ್ತೆ, ಹುಷಾರು. ಹಸಿವಾದರೆ ಸಿಂಪ್ಲಾ ಪಕ್ಕದ ಅಂಗಳದಲ್ಲೇ ಗಾಡಿಗಳ ಸಾಲಿದೆ. ಲಾಂಗೋಶ್ ತಿನ್ನಿ. ಎಣ್ಣೆಯಲ್ಲಿ ಕರಿದ ತಟ್ಟೆಯಗಲದ ಹಿಟ್ಟಿನ ರೊಟ್ಟಿ, ಮೇಲೆ ಬೆಳ್ಳುಳ್ಳಿ, ಹುಳಿ ಕೆನೆ, ತುರಿದ ಚೀಸು. ಪೂರಿಗೆ ದೊಡ್ಡಪ್ಪನ ಮಗ ಅಂದ್ಕೊಳ್ಳಿ. ಸಸ್ಯಾಹಾರಿಗಳಿಗೆ ಆ ಹೊತ್ತಿನಲ್ಲಿ ಅದೇ ಅನ್ನಪೂರ್ಣೇಶ್ವರಿ.

ಎರಡನೇ ರಾತ್ರಿ ಎರಡೂವರೆ ಗಂಟೆಗೆ ನಾವಿಬ್ಬರೂ ದೊಡ್ಡ ವರ್ತುಲ ರಸ್ತೆಗೆ ನಡೆದು ಬಂದೆವು. 6ನೇ ನಂಬರಿನ ಟ್ರಾಮ್ ಅಲ್ಲಿ ರಾತ್ರಿಯಿಡೀ ಓಡುತ್ತೆ. ಡ್ಯಾನ್ಯೂಬ್ ಮೇಲಿನ ಸೇತುವೆ ನೋಡೋಣ ಅಂತ ಸುಮ್ಮನೆ ಹತ್ತಿ ಕೂತೆವು. ಟ್ರಾಮಿನಲ್ಲಿ ಶಿಫ್ಟ್ ಮುಗಿಸಿದ ಅಡುಗೆಯವರು, ತೂಕಡಿಸುವ ಕಾಲೇಜು ಹುಡುಗರು, ನಾವು. ಯಾರೂ ನಮ್ಮನ್ನು ತಿರುಗಿ ನೋಡಲಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಒಂದಕ್ಕೆ ಪಬ್ ಬಾಗಿಲು ಹಾಕಿದ ತಕ್ಷಣ ನಮ್ಮ ಗುಂಪಿನಲ್ಲಿ ಶುರುವಾಗೋದು ಕ್ಯಾಬ್ ನಂಬರ್ ಶೇರ್ ಮಾಡೋದು, ಲೈವ್ ಲೊಕೇಶನ್ ಹಾಕೋದು, 'ತಲುಪಿದ್ಯಾ?' ಅಂತ ಕೇಳೋದು. ಅದ್ಯಾವುದೂ ಇಲ್ಲದೆ ರಾತ್ರಿಯಲ್ಲಿ ಸುಮ್ಮನೆ ಇರೋದು ಅಂದರೆ ಏನು ಅಂತ ನನಗೆ ಗೊತ್ತಾದದ್ದು ಆ ಟ್ರಾಮಿನಲ್ಲಿ. ಇದನ್ನು ಯಾಕೆ ಹೇಳ್ತಿದ್ದೀನಿ ಅಂದರೆ, ಮುಂದೆ ಹೇಳೋದನ್ನು ಕೇಳಿ ನೈಟ್‌ಲೈಫ್ ಬೇಡ ಅನ್ನುವವರ ಪಕ್ಷ ನಾನು ಅಂದ್ಕೋಬೇಡಿ. ರಾತ್ರಿ ನಮಗೂ ಬೇಕು.

ಆದರೆ ಆ ಬೀದಿಗಳಲ್ಲಿ ಅಷ್ಟೊಂದು ಪಾಳುಮನೆಗಳು ಇದ್ದದ್ದಾದರೂ ಯಾಕೆ?

ನಮ್ಮ ಹಾಸ್ಟೆಲ್ಲಿನಿಂದ ಹತ್ತು ನಿಮಿಷ ನಡೆದರೆ ದೊಹಾನಿ ಬೀದಿ. ಹೊಗೆಸೊಪ್ಪಿನ ಬೀದಿ ಅಂತ ಅರ್ಥ. ಅಲ್ಲಿ 1859ರಲ್ಲಿ ಕಟ್ಟಿ ಮುಗಿಸಿದ ಸಿನಗಾಗ್ ಇದೆ. ಸುಮಾರು ಮೂರು ಸಾವಿರ ಜನ ಕೂರಬಹುದಾದ, ಯುರೋಪಿನಲ್ಲೇ ದೊಡ್ಡದಾದ ಯಹೂದಿ ಪ್ರಾರ್ಥನಾ ಮಂದಿರ. ಇವತ್ತು ಬಾರುಗಳು ತುಂಬಿರುವ ಈ ಪ್ರದೇಶ ಯಹೂದಿಗಳ ಕೇರಿಯಾಗಿತ್ತು. 1944ರ ಚಳಿಗಾಲದಲ್ಲಿ ಈ ಬೀದಿಗಳ ಸುತ್ತ ಗೋಡೆ ಎಬ್ಬಿಸಿ, ಸುಮಾರು 70,000 ಯಹೂದಿಗಳನ್ನು ಒಳಗೆ ತುಂಬಿದರು. ಹಸಿವು, ಚಳಿ, ಕಾಯಿಲೆ, ಗುಂಡು. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಬರುವ ಹೊತ್ತಿಗೆ ಸಾವಿರಾರು ಜನ ಸತ್ತಿದ್ದರು. ಸಿನಗಾಗಿನ ಅಂಗಳದಲ್ಲಿ ಹೆಣ ಹೂಳುವ ಪದ್ಧತಿ ಯಹೂದಿಗಳಲ್ಲಿ ಇಲ್ಲ. ಆದರೂ ಬೇರೆ ದಾರಿಯಿಲ್ಲದೆ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಅಲ್ಲೇ ಹೂಳಿದ್ದಾರೆ. ಹಿಂಬದಿಯಲ್ಲಿ ಲೋಹದ ಒಂದು ಮರ ನಿಂತಿದೆ, ಕೊಂಬೆಗಳು ಬಾಗಿ ನೆಲ ನೋಡುತ್ತಿರುವ ಮರ. ಅದರ ಎಲೆಗಳ ಮೇಲೆ ತೀರಿಕೊಂಡವರ ಹೆಸರುಗಳು.

ಮನೆಗಳಿಗೆ ಜನ ವಾಪಸು ಬರಲಿಲ್ಲ, ಬಂದವರಲ್ಲೂ ಅನೇಕರು ದೇಶ ಬಿಟ್ಟರು. ಆಮೇಲೆ ಕಮ್ಯುನಿಸ್ಟ್ ಸರ್ಕಾರ ಮನೆಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ದೊಡ್ಡ ಮನೆಗಳನ್ನು ತುಂಡು ಮಾಡಿ ಹಂಚಿತೇ ಹೊರತು ಸುಣ್ಣ ಬಣ್ಣಕ್ಕೆ ದುಡ್ಡು ಹಾಕಲಿಲ್ಲ. 1990ರ ನಂತರ ಬಿಲ್ಡರುಗಳ ಕಣ್ಣು ಬಿತ್ತು. ಕೆಡವಿ ಹೊಸದು ಕಟ್ಟೋಣ ಅಂತ ಎಷ್ಟೋ ಕಟ್ಟಡಗಳನ್ನು ಖಾಲಿ ಮಾಡಿಸಿದರು. ಕೆಡವುವವರೆಗೆ ಖಾಲಿ ಬಿದ್ದ ಜಾಗಗಳು ಕಡಿಮೆ ಬಾಡಿಗೆಗೆ, ತಾತ್ಕಾಲಿಕವಾಗಿ ಸಿಕ್ಕವು. ಅಲ್ಲಿ ನಮ್ಮ ವಯಸ್ಸಿನ ಹುಡುಗರು ಬಾರ್ ತೆರೆದರು. ಬಾರು ನೋಡಲು ಪ್ರವಾಸಿಗಳು ಬಂದರು, ಪ್ರವಾಸಿಗಳಿಗೆ ಮಂಚ ಬೇಕಾಯಿತು, ಮಂಚಕ್ಕಾಗಿ ಮನೆಗಳು ಹಾಸ್ಟೆಲ್ಲಾದವು, ದಿನಬಾಡಿಗೆಯ ಫ್ಲಾಟುಗಳಾದವು. ಅಗ್ಗದ ವಂಶವೃಕ್ಷ ಇದು. ಒಂದು ಮಾತು ಮಾತ್ರ ಹೇಳಲೇಬೇಕು: ಕೆಡವಬೇಕಿದ್ದ ಹಳೇ ಕಟ್ಟಡಗಳಲ್ಲಿ ಕೆಲವಾದರೂ ಉಳಿದದ್ದು ಈ ಬಾರುಗಳಿಂದಲೇ.

ಮೂರನೇ ದಿನ ಬೆಳಗ್ಗೆ ನಾವಿಬ್ಬರೂ ಕಾಫಿ ಹಿಡಿದು ಬಾಲ್ಕನಿಗೆ ಬಂದಾಗ, ಪಕ್ಕದ ಬಾಗಿಲಿನ ಅಜ್ಜಿ ಹೂಕುಂಡಗಳಿಗೆ ನೀರು ಹಾಕುತ್ತಿದ್ದರು. ಹಿಂದಿನ ರಾತ್ರಿ ಯಾವುದೋ ಗುಂಪು ನಾಲ್ಕು ಗಂಟೆಗೆ ಅಂಗಳದಲ್ಲಿ ನಿಂತು ಹಾಡು ಹೇಳಿತ್ತು. ನಾವೇ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದೆವು. ಅಜ್ಜಿಗೆ ಇಂಗ್ಲಿಷ್ ಬಾರದು, ಜರ್ಮನ್ ಸ್ವಲ್ಪ ಬರುತ್ತಿತ್ತು. ಗೆಳತಿ ಮಾತಾಡಿಸಿದಳು, ನನಗೆ ಕನ್ನಡದಲ್ಲಿ ಹೇಳುತ್ತಾ ಹೋದಳು. ಮದುವೆಯಾಗಿ ಈ ಮನೆಗೆ ಬಂದು ಐವತ್ತು ವರ್ಷದ ಮೇಲಾಯಿತಂತೆ. ಆಗ ಎಲ್ಲ ಬಾಗಿಲ ಹಿಂದೆಯೂ ಒಂದೊಂದು ಸಂಸಾರ. ಈಗ ಕಾಯಂ ಇರುವವರು ಆರು ಮನೆಯವರು ಮಾತ್ರ. ಉಳಿದ ಬಾಗಿಲುಗಳಿಗೆಲ್ಲ ನಂಬರ್ ಒತ್ತುವ ಬೀಗ.

"ಗಲಾಟೆಯಿಂದ ನಿಮಗೆ ಕಷ್ಟ ಆಗಲ್ವಾ?" ಅಂತ ಗೆಳತಿ ಕೇಳಿದಳು. ಅಜ್ಜಿ ಹೇಳಿದ್ದು ನನಗೆ ಇನ್ನೂ ನೆನಪಿದೆ. ಗಲಾಟೆ ಯಾವಾಗಲೂ ಇತ್ತಂತೆ. ಮೇಲಿನ ಮನೆಯವನು ಕುಡಿದು ಬಂದು ಹಾಡುತ್ತಿದ್ದ, ಎದುರಿನ ಮನೆಯಲ್ಲಿ ಗಂಡ ಹೆಂಡತಿ ಜಗಳ, ಮಕ್ಕಳ ಕಿರುಚಾಟ. "ಆದರೆ ಅವನನ್ನು ಬೆಳಗ್ಗೆ ಮೆಟ್ಟಿಲಲ್ಲಿ ಹಿಡಿದು ಬೈಯುತ್ತಿದ್ದೆ. ಅವನು ಒಂದು ವಾರ ಸುಮ್ಮನಿರುತ್ತಿದ್ದ. ಈಗ ಯಾರನ್ನು ಬೈಯಲಿ? ನಿನ್ನೆ ಹಾಡಿದವರು ಇವತ್ತು ಇಲ್ಲ. ನಾಳೆ ಬೇರೆಯವರು ಬರ್ತಾರೆ." ಹೇಳಿ, ನಗುತ್ತಲೇ ನೀರಿನ ಜಗ್ ತಗೊಂಡು ಒಳಗೆ ಹೋದರು.

ಸದ್ದಿನ ಬಗ್ಗೆ ನಾವು ಡೆಸಿಬಲ್ ಲೆಕ್ಕದಲ್ಲಿ ಮಾತಾಡುತ್ತೇವೆ. ಅಜ್ಜಿ ಹೇಳಿದ್ದು ಬೇರೆ. ವಠಾರ ನಡೆಯೋದು ಜಗಳದ ಮೇಲೆ. ನಲ್ಲಿ ನೀರಿಗೆ ಜಗಳ, ಬಟ್ಟೆ ಒಣಹಾಕುವ ತಂತಿಗೆ ಜಗಳ. ಆದರೆ ಜಗಳ ಆಡಿದವರು ನಾಳೆಯೂ ಅಲ್ಲೇ ಇರುತ್ತಾರೆ ಅನ್ನೋ ಧೈರ್ಯದಲ್ಲಿ ಅದು ನಡೆಯುತ್ತೆ. ಹಬ್ಬಕ್ಕೆ ಒಬ್ಬಟ್ಟು ಕೊಡೋದೂ ಅದೇ ಧೈರ್ಯದಲ್ಲಿ. ಪ್ರವಾಸಿಗೆ ನಾಳೆ ಅನ್ನೋದು ಇಲ್ಲ, ಹನ್ನೊಂದಕ್ಕೆ ಚೆಕ್ ಔಟ್. ನಾಳೆ ಇಲ್ಲದ ನೂರು ಜನರ ನಡುವೆ, ನಾಳೆಯೂ ಅಲ್ಲೇ ಇರಬೇಕಾದ ಆರು ಮನೆಗಳು.

ಆ ಊರಿನವರು ಸುಮ್ಮನೆ ಕೂತಿಲ್ಲ. ಏಳನೇ ಜಿಲ್ಲೆಯ ನಿವಾಸಿಗಳು ಗುಂಪು ಕಟ್ಟಿ ಹೋರಾಡಿದ ಮೇಲೆ, ಬಾರುಗಳನ್ನು ಮಧ್ಯರಾತ್ರಿಗೆ ಮುಚ್ಚಿಸಬೇಕೇ ಅಂತ 2018ರ ಫೆಬ್ರವರಿಯಲ್ಲಿ ಅಲ್ಲಿ ಮತದಾನವೇ ನಡೆಯಿತು. ಬೇಕಾದಷ್ಟು ಜನ ಮತ ಹಾಕಲು ಬರಲಿಲ್ಲ, ಹಾಗಾಗಿ ಅದು ಅಸಿಂಧುವಾಯಿತು. ಪಕ್ಕದ ಆರನೇ ಜಿಲ್ಲೆಯಲ್ಲಿ 2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ಮತದಾನ. ಮನೆಗಳನ್ನು ಆ್ಯಪ್ ಮೂಲಕ ದಿನಬಾಡಿಗೆಗೆ ಕೊಡುವುದು ಬೇಡ ಅಂದವರ ಕೈ ಮೇಲಾಯಿತು. 2026ರ ಜನವರಿಯಿಂದ ಜಾರಿ ಅಂತ ಅಲ್ಲಿಯ ಆಡಳಿತ ತೀರ್ಮಾನಿಸಿತು. ಗಮನಿಸಿ, ಮೊದಲನೆಯದರಲ್ಲಿ ಪ್ರಶ್ನೆ ಇದ್ದದ್ದು ಕುಡಿಯುವವರ ಬಗ್ಗೆ. ಎರಡನೆಯದರಲ್ಲಿ ಮಲಗುವವರ ಬಗ್ಗೆ. ನನ್ನ ಪ್ರಕಾರ ಎರಡನೇ ಪ್ರಶ್ನೆಯೇ ಸರಿಯಾದದ್ದು. ಬಾರು ರಾತ್ರಿ ಯಾವಾಗಲೋ ಮುಚ್ಚುತ್ತೆ. ಮನೆ ಹೋದರೆ ನೆರೆಹೊರೆಯೇ ಹೋಯಿತು.

ಇದನ್ನೆಲ್ಲ ಓದುವಾಗ ನಿಮಗೂ ಇಂದಿರಾನಗರ, ಕೋರಮಂಗಲ ನೆನಪಾಗಿರಬೇಕು. ನಮ್ಮ ದೊಡ್ಡಮ್ಮನ ಮನೆ ಇಂದಿರಾನಗರದಲ್ಲಿ. ಆ ಕ್ರಾಸಿನಲ್ಲಿ ಸಂಜೆ ಏಳಾದರೆ ಕುಕ್ಕರಿನ ವಿಷಲ್ ಬಿಟ್ಟು ಬೇರೆ ಸದ್ದಿರಲಿಲ್ಲ. ಈಗ ಹಿಂದಿನ ರಸ್ತೆಯಲ್ಲಿ ಟೆರೇಸ್ ಮೇಲೊಂದು ಪಬ್. "ಹಾಡು ಕೇಳಿಸಲ್ಲ ಕಣಮ್ಮ, ಬರೀ ಗುದ್ದು ಕೇಳಿಸುತ್ತೆ. ಎದೆ ಮೇಲೆ ಗುದ್ದಿದ ಹಾಗೆ" ಅಂತಾರೆ ದೊಡ್ಡಮ್ಮ. ನಮ್ಮ ದೇಶದ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಜೋರಾಗಿ ಮಾತಾಡಿದರೂ ದಾಟುವ ಮಿತಿ ಅದು. ವೀಕೆಂಡಿನಲ್ಲಿ ನಾನು ಸ್ನೇಹಿತರ ಜೊತೆ ಕೂರುವುದೂ ಅಲ್ಲಿಂದ ನಾಲ್ಕು ರಸ್ತೆ ಆಚೆ. ದೊಡ್ಡಮ್ಮನಿಗೂ ಗೊತ್ತು. ನನ್ನನ್ನು ಬೈಯುತ್ತಾರೆ, ಬೈದು ಚಕ್ಕುಲಿ ಕೊಡುತ್ತಾರೆ. ಆ ಪಬ್ಬಿನವರನ್ನು ಹಾಗೆ ಬೈಯೋದಕ್ಕಾಗಲ್ಲ. ಮ್ಯಾನೇಜರ್ ಆರು ತಿಂಗಳಿಗೊಮ್ಮೆ ಬದಲಾಗುತ್ತಾನೆ.

ಹಾಗಾದರೆ ಹೋಗೋದೇ ಬೇಡವಾ? ಹೋಗಿ. ಆದರೆ ಮಂಚ ಬುಕ್ ಮಾಡುವಾಗ ಒಂದೆರಡು ವಿಷಯ ನೋಡಿ. ರಿವ್ಯೂಗಳಲ್ಲಿ ಅಕ್ಕಪಕ್ಕದವರ ದೂರು, ಅಂಗಳದ ಗಲಾಟೆ ಅಂತ ಇದ್ದರೆ, ಆ ಹಾಸ್ಟೆಲ್ ಸಂಸಾರಗಳಿರುವ ಕಟ್ಟಡದಲ್ಲಿದೆ ಅಂತ ಅರ್ಥ. ಇಡೀ ಕಟ್ಟಡವೇ ಹಾಸ್ಟೆಲ್ ಆಗಿರುವ ಜಾಗಗಳೂ ಇವೆ, ರಾತ್ರಿಯೆಲ್ಲ ಎಚ್ಚರ ಇರುವ ಆಸೆ ಇದ್ದರೆ ಅಂಥದ್ದೇ ಹುಡುಕಿ. ಕಜಿಂತ್ಸಿ ಬೀದಿಯ ಮೇಲೆಯೇ ಮಲಗಬೇಕಂತಿಲ್ಲ, 4 ಮತ್ತು 6ನೇ ಟ್ರಾಮಿನ ದಾರಿಯಲ್ಲಿ ಎಲ್ಲಿ ಉಳಿದರೂ ರಾತ್ರಿ ವಾಪಸಾಗೋದು ಸುಲಭ. ಏರ್‌ಪೋರ್ಟಿನಲ್ಲಿ ದುಡ್ಡು ಬದಲಾಯಿಸಬೇಡಿ, ಅಲ್ಲಿ ಯೂರೋ ಅಲ್ಲ, ಫೋರಿಂಟ್. ಪ್ರವಾಸಿ ಬೀದಿಗಳಲ್ಲಿ ಚೆಂದದ ಹುಡುಗಿಯರು ತಾವಾಗಿಯೇ ಬಂದು 'ಒಳ್ಳೇ ಬಾರ್ ತೋರಿಸ್ತೀವಿ ಬನ್ನಿ' ಅಂದರೆ ಹುಡುಗರು ಕೈಮುಗಿದು ಮುಂದೆ ಹೋಗಿ. ಆ ಬಾರಿನ ಬಿಲ್ಲಿನಲ್ಲಿ ವಾಪಸ್ ಟಿಕೆಟ್ ಬಂದುಬಿಡುತ್ತೆ. ತಲೆ ಭಾರವಾದ ಬೆಳಗ್ಗೆ ಸೇಚೆನಿ ಸ್ನಾನಗೃಹಕ್ಕೆ ಹೋಗಿ. 1913ರಿಂದ ಇದೆ. ಬಯಲಿನಲ್ಲೇ ಬಿಸಿನೀರಿನ ಕೊಳ, ಎದೆಮಟ್ಟದ ನೀರಿನಲ್ಲಿ ನಿಂತು ಮುದುಕರು ಚೆಸ್ ಆಡುತ್ತಿರುತ್ತಾರೆ.

ಅಂಗಳ ದಾಟುವಾಗ ಸೂಟ್‌ಕೇಸ್ ಎಳೆಯಬೇಡಿ, ಎತ್ತಿಕೊಳ್ಳಿ. ಕಲ್ಲುಹಾಸಿನ ಮೇಲೆ ಅದರ ಚಕ್ರದ ಸದ್ದು ಹಾಡಿಗಿಂತ ಜೋರು. ಮೆಟ್ಟಿಲಲ್ಲಿ ಯಾರಾದರೂ ಎದುರಾದರೆ 'ಯೋ ನಾಪೋತ್' ಅನ್ನಿ, ಅವರ ಭಾಷೆಯಲ್ಲಿ ನಮಸ್ಕಾರ ಅದು. ಕಲಿಯಲು ಅರ್ಧ ನಿಮಿಷ ಸಾಕು. ಅಜ್ಜಿ ಜೊತೆ ಮಾತಾಡಿದ ದಿನ ಸಂಜೆ ಹೊರಡುವಾಗ ನಾವು ಅವರಿಗೆ ಹಾಗೇ ಹೇಳಿದೆವು. ಅವರು ಗೆಳತಿಗೆ ಜರ್ಮನ್ನಿನಲ್ಲಿ ಏನೋ ಅಂದರು. ಏನಂತೆ ಅಂತ ಕೇಳಿದೆ. "ರಾತ್ರಿ ಬರುವಾಗ ಸದ್ದು ಮಾಡಿದರೆ ಬೆಳಗ್ಗೆ ಬಂದು ಬೈತೀನಿ ಅಂತಿದ್ದಾರೆ ಕಣೇ" ಅಂದಳು. ಇಬ್ಬರಿಗೂ ಯಾಕೋ ತುಂಬಾ ಖುಷಿಯಾಯಿತು.